ಸುರುಳಿಯಲ್ಲಿ ಉಳಿದ ದನಿ, ಅಳಿಸಿಹೋದ ದನಿ

ಬಾನುಲಿಯ ಚರಿತ್ರೆಯಲ್ಲಿ 1935ನೆಯ ಇಸವಿಯು ಎರಡು ಕಾರಣಗಳಿಂದ ನೆನಪಿಡತಕ್ಕದ್ದು. ಆ ವರ್ಷದ ಆಗಸ್ಟ್ ತಿಂಗಳಲ್ಲಿ ಬರ್ಲಿನ್ ನಗರದ ರೇಡಿಯೋ ವಸ್ತುಪ್ರದರ್ಶನದಲ್ಲಿ ಎಇಜಿ ಸಂಸ್ಥೆಯು ‘ಮ್ಯಾಗ್ನೆಟೋಫೋನ್’ ಎಂಬ ಯಂತ್ರವನ್ನು ಜನರ ಮುಂದಿಟ್ಟಿತು. ಕಬ್ಬಿಣದ ಸೂಕ್ಷ್ಮ ಕಣಗಳನ್ನು ಲೇಪಿಸಿದ ಪಟ್ಟಿಯ ಮೇಲೆ ದನಿಯನ್ನು ಹಿಡಿದಿಡುವ ಯಂತ್ರವದು. ಮರು ತಿಂಗಳು, ಸೆಪ್ಟೆಂಬರ್ 10ರಂದು, ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಾದ ‘ವಿಠಲ ವಿಹಾರ’ದಿಂದ 30 ವ್ಯಾಟ್ ಶಕ್ತಿಯ ಪುಟ್ಟ ಯಂತ್ರದ ಮೂಲಕ ಪ್ರಸಾರ ಆರಂಭಿಸಿದರು. ಅದಕ್ಕೆ ‘ಆಕಾಶವಾಣಿ’ ಎಂದು ಹೆಸರಿತ್ತವರು ನಾ. ಕಸ್ತೂರಿ. ಮುಂದೆ ಇಡೀ ದೇಶದ ಬಾನುಲಿಗೆ ಆ ಹೆಸರೇ ನಿಂತಿತು.

ಮೈಸೂರಿನ ಆ ಮನೆಗೆ ಬರ್ಲಿನ್ನಿನ ಯಂತ್ರ ಬಂದಿರಲಿಲ್ಲ. ಹಾಡುವವರು ಬಂದು ಹಾಡಬೇಕು, ಮಾತನಾಡುವವರು ಆ ಗಳಿಗೆಯಲ್ಲಿಯೇ ಮಾತನಾಡಬೇಕು. ಕೆಮ್ಮು ಬಂದರೆ ಕೆಮ್ಮೂ ಪ್ರಸಾರವಾಗುತ್ತಿತ್ತು. 1950ರ ಏಪ್ರಿಲ್ 1ರಂದು ಆ ನಿಲಯವು ಕೇಂದ್ರ ಸರ್ಕಾರದ ಬಾನುಲಿಯಲ್ಲಿ ವಿಲೀನವಾಯಿತು. 1955ರ ನವೆಂಬರ್ 2ರಂದು ಬೆಂಗಳೂರು ನಿಲಯ ಆರಂಭವಾಯಿತು. ನಂತರದ ದಶಕಗಳೇ ನಮ್ಮ ನಾಡಿನಲ್ಲಿ ಟೇಪಿನ ಕಾಲ.

ನಮ್ಮ ಗೋರಂಟ್ಲ, ಹಿಂದೂಪುರ, ಮಡಕಶಿರಾ, ಅಮರಾಪುರಗಳ ಸೀಮೆಗೆ ಈ ಬೆಂಗಳೂರು ನಿಲಯವೆಂದರೆ ಬರಿಯ ಮನೋರಂಜನೆಯಾಗಿರಲಿಲ್ಲ. ಚಿತ್ರಾವತಿಯ ದಡದ ಗೋರಂಟ್ಲದಿಂದ ಬೆಂಗಳೂರಿಗೆ ನೂರು ಕಿಲೋಮೀಟರಿಗಿಂತ ತುಸು ಹೆಚ್ಚು ದೂರ. ಬಸ್ಸಿನ ಫಲಕ, ಕಚೇರಿಯ ಅರ್ಜಿ, ಸಂತೆಯ ಮಾತು ಎಲ್ಲವೂ ತೆಲುಗಿನಲ್ಲಿದ್ದಾಗ 612 ಕಿಲೋಹರ್ಟ್ಸ್ ಮಧ್ಯಮ ತರಂಗವು ರಾಜ್ಯಗಳ ಗಡಿಯನ್ನು ಲೆಕ್ಕಿಸದೆ ಒಳಗೆ ಬರುತ್ತಿತ್ತು. ಕನ್ನಡ ಮಾಧ್ಯಮದ ಮಗುವಿಗೆ ಗುರುಗಳ ಬಾಯಿಂದಲ್ಲದೆ ಮತ್ತೊಂದು ಕಡೆಯಿಂದ ಗ್ರಂಥಸ್ಥ ಕನ್ನಡ ಕೇಳಿಬರುತ್ತಿದ್ದುದು ಆ ಪೆಟ್ಟಿಗೆಯೊಂದರಿಂದಲೇ. ‘ಚಿಂತನ’, ಕೃಷಿರಂಗ, ವಾರದ ನಾಟಕ ಇವುಗಳಲ್ಲಿ ‘ಳ’ಕಾರವನ್ನೂ ಮಹಾಪ್ರಾಣವನ್ನೂ ನಾವು ಕಿವಿಯಿಂದ ಕಲಿತೆವು.

ಆ ಕಾರ್ಯಕ್ರಮಗಳ ಪೈಕಿ ಬಹುಪಾಲು ನಮ್ಮನ್ನು ತಲುಪುತ್ತಿದ್ದುದು ಕಾಲು ಅಂಗುಲ ಅಗಲದ ಕಂದು ಬಣ್ಣದ ಪಟ್ಟಿಯ ಮೇಲಿನಿಂದ. ಅದು ಸೆಕೆಂಡಿಗೆ ಏಳೂವರೆ ಅಂಗುಲದ ವೇಗದಲ್ಲಿ ಓಡುತ್ತಿತ್ತು. 1200 ಅಡಿಯ ಒಂದು ಸುರುಳಿಯಲ್ಲಿ 32 ನಿಮಿಷ, ಅಂದರೆ ಅರ್ಧ ಗಂಟೆಯ ನಾಟಕ ಮತ್ತು ಮೇಲೆರಡು ನಿಮಿಷದ ಉಸಿರು. ಮಾತುಗಾರ ತಡವರಿಸಿದ ಜಾಗವನ್ನು ತೆಗೆಯಲು ಯಾವ ಗುಂಡಿಯೂ ಇರಲಿಲ್ಲ. ಸುರುಳಿಯನ್ನು ಎರಡೂ ಕೈಯಿಂದ ಹಿಂದಕ್ಕೂ ಮುಂದಕ್ಕೂ ತಿರುಗಿಸಿ, ತಪ್ಪಿದ ಅಕ್ಷರದ ಮೊದಲನ್ನು ಕಿವಿಯಿಂದ ಹುಡುಕಿ, ಬಣ್ಣದ ಸೀಸಕಡ್ಡಿಯಲ್ಲಿ ಗುರುತು ಹಾಕಿ, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಅಂಟುಪಟ್ಟಿಯಿಂದ ಕೂಡಿಸಬೇಕಿತ್ತು. ನೇರವಾಗಿ ಕತ್ತರಿಸಿದರೆ ಕೂಡಿದೆಡೆ ‘ಟಕ್’ ಎಂಬ ಸದ್ದು ಬರುತ್ತಿತ್ತು. ಓರೆ ಕತ್ತರಿಯಲ್ಲಿ ಒಂದು ದನಿ ಮತ್ತೊಂದರೊಳಗೆ ಮೆಲ್ಲನೆ ಜಾರುತ್ತಿತ್ತು. ಕಾನೂನು ವಿದ್ಯಾರ್ಥಿಯಾಗಿದ್ದಾಗ ಯುವವಾಣಿಯ ಚರ್ಚೆಯೊಂದಕ್ಕೆ ನಿಲಯವೊಂದಕ್ಕೆ ಹೋದಾಗ ಈ ಕೆಲಸವನ್ನು ನಾನು ಕಣ್ಣಾರೆ ಕಂಡೆ. ನಾನು ಆಡಿದ್ದ ಎಂಟು ‘ಅಂದರೆ’ಗಳು ನೆಲದ ಮೇಲೆ ತುಂಡು ತುಂಡಾಗಿ ಬಿದ್ದಿದ್ದವು. ವಕೀಲನಿಗೆ ಅದಕ್ಕಿಂತ ಒಳ್ಳೆಯ ಪಾಠ ಬೇರೆಲ್ಲಿ ಸಿಕ್ಕೀತು?

ಉಪಗ್ರಹದ ಸಂಪರ್ಕ ಬರುವ ಮುನ್ನ ವಿವಿಧ ಭಾರತಿಯ ಕಾರ್ಯಕ್ರಮಗಳೂ ಸುರುಳಿಗಳಾಗಿಯೇ ಮುಂಬಯಿಯಿಂದ ಊರೂರಿನ ನಿಲಯಗಳಿಗೆ ಹೋಗುತ್ತಿದ್ದವು. ಗಾಳಿಯಲ್ಲಿ ಬಂತೆಂದು ನಾವು ತಿಳಿದ ಹಾಡು ಮೊದಲು ಡಬ್ಬದಲ್ಲಿ ಪ್ರಯಾಣ ಮಾಡಿರುತ್ತಿತ್ತು.

ಅಮೆರಿಕದ ನಿಲಯಗಳಲ್ಲಿ ಇದರ ಜೊತೆಗೆ ಮತ್ತೊಂದು ಚಮತ್ಕಾರವಿತ್ತು. 1950ರ ದಶಕದಲ್ಲಿ ಜಾರ್ಜ್ ಈಶ್ ಎಂಬಾತ ರೂಪಿಸಿದ ‘ಫಿಡೆಲಿಪ್ಯಾಕ್’ ಎಂಬ ಪ್ಲಾಸ್ಟಿಕ್ ಪೆಟ್ಟಿಗೆಯದು. ಅಲ್ಲಿನವರು ಪ್ರೀತಿಯಿಂದ ‘ಕಾರ್ಟ್’ ಎನ್ನುತ್ತಿದ್ದರು. ಅದರೊಳಗಿನ ಟೇಪಿಗೆ ತುದಿ ಮೊದಲಿಲ್ಲ. ಸುರುಳಿಯ ನಡುವಿನಿಂದ ಹೊರಬಂದು, ಯಂತ್ರದ ಮುಂದೆ ಹಾದು, ಮತ್ತೆ ಹೊರಸುತ್ತಿಗೆ ಸೇರುತ್ತಿತ್ತು. ಪದರಗಳು ಒಂದರ ಮೇಲೊಂದು ಜಾರಲೆಂದು ಬೆನ್ನಿಗೆ ನುಣುಪಿನ ಲೇಪವಿರುತ್ತಿತ್ತು. ಜಾಹೀರಾತು ಮುಗಿದು ಸುತ್ತು ಪೂರ್ತಿಯಾದೊಡನೆ, ಕೇಳುಗರಿಗೆ ಕೇಳಿಸದ ಬೇರೊಂದು ಜಾಡಿನಲ್ಲಿ ಬರೆದ ಸಂಜ್ಞೆಯೊಂದು ಯಂತ್ರವನ್ನು ಆರಂಭದ ಸ್ಥಾನದಲ್ಲಿಯೇ ನಿಲ್ಲಿಸುತ್ತಿತ್ತು. ಮರುದಿನ ಗುಂಡಿ ಒತ್ತಿದರೆ ಸಾಕು, ಕ್ಷಣವೂ ತಪ್ಪದೆ ಅದೇ ದನಿ. 1990ರ ದಶಕದಲ್ಲಿ ಗಣಕಯಂತ್ರ ಬಂದು ಇವನ್ನೆಲ್ಲ ಮೂಲೆಗೆ ಸರಿಸಿತು. ಆ ಪೆಟ್ಟಿಗೆಯ ಸದ್ದನ್ನು ನೆನೆದು ಕರಗುವ ಹಳೆಯ ಉದ್ಘೋಷಕರು ಅಲ್ಲಿ ಈಗಲೂ ಇದ್ದಾರಂತೆ. ನನಗೆ ಅವರ ಹಂಬಲ ಅರ್ಥವಾಗುತ್ತದೆ. ಆದರೆ ನನ್ನ ಹಂಬಲ ಯಂತ್ರದ್ದಲ್ಲ, ಅದರ ಮೇಲೆ ಬರೆದಿದ್ದರ ಕುರಿತಾದದ್ದು.

ಟೇಪಿನ ದೊಡ್ಡ ಗುಣವೇ ಅದರ ದೊಡ್ಡ ದೋಷ: ಅದನ್ನು ಅಳಿಸಬಹುದು. ಟೇಪು ಬೆಲೆಬಾಳುವ ವಸ್ತು. ಪ್ರಸಾರವಾದ ಸುರುಳಿಯನ್ನು ಕಾಂತದ ಯಂತ್ರದ ಮೇಲಿಟ್ಟು ತಿರುಗಿಸಿದರೆ ಕೆಲವೇ ಕ್ಷಣಗಳಲ್ಲಿ ಅದು ಹೊಸದು. ಇದು ಬಡ ದೇಶದ ಕಥೆ ಮಾತ್ರವಲ್ಲ. 1969ರಲ್ಲಿ ಮನುಷ್ಯ ಚಂದ್ರನ ಮೇಲಿಳಿದ ರಾತ್ರಿಯ ತನ್ನ ಸ್ಟುಡಿಯೋ ಪ್ರಸಾರವನ್ನು ಬಿಬಿಸಿ ಉಳಿಸಿಕೊಳ್ಳಲಿಲ್ಲ. ಅದೇ ಯಾತ್ರೆಯ ಮೂಲ ಟೇಪುಗಳನ್ನು ಅಳಿಸಿ ಮರುಬಳಕೆ ಮಾಡಿರಬೇಕೆಂದು ಅಮೆರಿಕದ ನಾಸಾ ಸಂಸ್ಥೆ 2009ರಲ್ಲಿ ಒಪ್ಪಿಕೊಂಡಿತು. ಚಂದ್ರಯಾತ್ರೆಗೇ ಈ ಗತಿಯಾದರೆ ನಮ್ಮೂರ ಭಜನಾ ಮಂಡಳಿಯ ಪಾಡೇನು?

ನಮ್ಮ ದೊಡ್ಡಪ್ಪನವರು ಕೈವಾರ ತಾತಯ್ಯನವರ ತತ್ವಪದಗಳನ್ನು ತಂಬೂರಿ ಹಿಡಿದು ಹಾಡುತ್ತಿದ್ದರು. ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಹಾಡಿದ ಆ ಯೋಗಿಯ ಪದಗಳು ನಮ್ಮ ಎರಡು ನುಡಿಯ ಸೀಮೆಗೆ ಹೇಳಿ ಮಾಡಿಸಿದಂತಿದ್ದವು. 1980ರ ದಶಕದಲ್ಲಿ ನಿಲಯವೊಂದು ಅವರನ್ನೂ ಮೂವರು ಸಂಗಡಿಗರನ್ನೂ ಕರೆಸಿ ಧ್ವನಿಮುದ್ರಿಸಿತು. ಪ್ರಸಾರದ ದಿನ ನಮ್ಮ ಜಗುಲಿಯಲ್ಲಿ ನಿಲ್ಲಲು ಜಾಗವಿರಲಿಲ್ಲ. ಅವರು ಕಾಲವಾದ ನಂತರ ನಾನು ಆ ನಿಲಯಕ್ಕೆ ಪತ್ರ ಬರೆದೆ, ಆಮೇಲೆ ಮಾಹಿತಿ ಹಕ್ಕಿನಡಿ ಅರ್ಜಿಯನ್ನೂ ಹಾಕಿದೆ. ಒಂದು ಸಾಲಿನ ಉತ್ತರ ಬಂತು: ಸದರಿ ಧ್ವನಿಮುದ್ರಣ ಸಂಗ್ರಹದಲ್ಲಿ ಇರುವುದಿಲ್ಲ. ಅಧಿಕಾರಿಯನ್ನು ನಾನು ದೂರಲಾರೆ. ಹೆಸರಾಂತ ವಿದ್ವಾಂಸರ ಸುರುಳಿ ಕಪಾಟು ಸೇರುತ್ತದೆ, ಹಳ್ಳಿಯ ತಂಬೂರಿಯವರ ಸುರುಳಿಯ ಮೇಲೆ ಮುಂದಿನ ವಾರದ ಗೊಬ್ಬರದ ಮಾಹಿತಿ ಬರೆಯಲ್ಪಡುತ್ತದೆ. ಯಾವುದು ಉಳಿಯಬೇಕು ಎಂದು ಆರಿಸಿದ ಕೈಗೆ ನಮ್ಮ ಕಡೆಯ ಪರಿಚಯವಿರಲಿಲ್ಲ, ಅಷ್ಟೆ. ಆದರೂ ಬೇಸರ ಬೇಸರವೇ.

ದೊಡ್ಡಪ್ಪನ ದನಿ ಉಳಿದದ್ದು ಬೇರೆ ದಾರಿಯಿಂದ. ಪ್ರಸಾರದ ದಿನ ನೆರೆಮನೆಯ ಬಟ್ಟೆ ಅಂಗಡಿಯವರು ರೇಡಿಯೋ ಪಕ್ಕದಲ್ಲಿ ತಮ್ಮ ಟೇಪ್ ರೆಕಾರ್ಡರ್ ಇಟ್ಟು ಕ್ಯಾಸೆಟ್ಟಿಗೆ ಹಿಡಿದಿದ್ದರು. ಹದಿಮೂರು ನಿಮಿಷ. ನಡುವೆ ಕುಕ್ಕರ್ ಎರಡು ಬಾರಿ ಕೂಗುತ್ತದೆ, ಕೋಳಿಯೊಂದು ಪಲ್ಲವಿಗೆ ಅಡ್ಡ ಬರುತ್ತದೆ, ನಮ್ಮ ಅಜ್ಜಿ ಯಾರನ್ನೋ ಗದರುತ್ತಾರೆ. ಅಚ್ಚುಕಟ್ಟಾದ ಪ್ರತಿ ಅಳಿದು, ಕೋಳಿಯ ಪ್ರತಿ ಉಳಿಯಿತು.

ಇಂತಹ ಕ್ಯಾಸೆಟ್ಟುಗಳು ನಮ್ಮ ಓದುಗರ ಮನೆಯ ಟ್ರಂಕುಗಳಲ್ಲಿ ಇನ್ನೂ ಇರುತ್ತವೆ ಎಂಬ ನಂಬಿಕೆಯಿಂದಲೇ ಇದನ್ನು ಬರೆಯುತ್ತಿದ್ದೇನೆ. ‘ರೇಡಿಯೋದಿಂದ ಹಿಡಿದದ್ದು ಕಳ್ಳಮಾಲಲ್ಲವೇ?’ ಎಂದು ಶಿಕ್ಷಕರೊಬ್ಬರು ನನ್ನನ್ನು ಕೇಳಿದರು. 1957ರ ಹಕ್ಕುಸ್ವಾಮ್ಯ ಅಧಿನಿಯಮದ 37ನೆಯ ಪ್ರಕರಣವು ಪ್ರಸಾರ ಸಂಸ್ಥೆಗೆ ತನ್ನ ಪ್ರಸಾರದ ಮೇಲೆ 25 ವರ್ಷಗಳ ಹಕ್ಕನ್ನು ಕೊಡುತ್ತದೆ, ಎಣಿಕೆ ಮರು ವರ್ಷದ ಆರಂಭದಿಂದ. ಆದರೆ ಸ್ವಂತ ಬಳಕೆಗಾಗಿ, ಇಲ್ಲವೇ ಪ್ರಾಮಾಣಿಕವಾದ ಬೋಧನೆ, ಸಂಶೋಧನೆಗಳಿಗಾಗಿ ಮಾತ್ರ ಮಾಡಿಕೊಂಡ ಧ್ವನಿಮುದ್ರಣವು ಆ ಹಕ್ಕಿನ ಉಲ್ಲಂಘನೆಯಲ್ಲವೆಂದು 39ನೆಯ ಪ್ರಕರಣವೇ ಹೇಳುತ್ತದೆ. ಮಾರಾಟಕ್ಕಿಡುವುದು, ಸಿನಿಮಾ ಹಾಡುಗಳನ್ನು ಊರಿಗೆಲ್ಲ ಹಂಚುವುದು ಬೇರೆಯ ಮಾತು. ಅಲ್ಲಿ ಬೇರೆಯವರ ಹಕ್ಕುಗಳೂ ಇರುತ್ತವೆ.

ನ್ಯಾಯಾಲಯವು ಟೇಪನ್ನು ನೋಡುವ ಬಗೆಯೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ರಾಮ್ ಸಿಂಗ್ ಹಾಗೂ ಕರ್ನಲ್ ರಾಮ್ ಸಿಂಗ್ ನಡುವಿನ ಚುನಾವಣಾ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯವು 1985ರಲ್ಲಿ ಕೆಲವು ಷರತ್ತುಗಳನ್ನು ಹೇಳಿತು. ದನಿ ಯಾರದೆಂದು ಬಲ್ಲವರು ಗುರುತಿಸಬೇಕು, ಮಾತು ಸ್ಪಷ್ಟವಾಗಿರಬೇಕು, ತಿದ್ದಿಲ್ಲವೆಂದು ತೋರಿಸಬೇಕು, ಮೊಹರು ಮಾಡಿ ಭದ್ರವಾಗಿಟ್ಟಿರಬೇಕು. ಮನೆಯ ಕ್ಯಾಸೆಟ್ಟಿಗೆ ಮೊಹರು ಬೇಡ. ಆದರೆ ಮೊದಲನೆಯದು ಅತ್ಯವಶ್ಯ. ದನಿಯನ್ನು ಗುರುತಿಸಬಲ್ಲ ಅಜ್ಜಿ, ಚಿಕ್ಕಪ್ಪ, ಸೋದರತ್ತೆಯರು ಇರುವಾಗಲೇ ಕೇಳಿಸಿ, ಯಾರು, ಯಾವ ಊರು, ಸುಮಾರು ಯಾವ ವರ್ಷ ಎಂಬುದನ್ನು ಮಕ್ಕಳ ಕೈಯಲ್ಲಿ ಬರೆಯಿಸಿಡಿ. ಕ್ಯಾಸೆಟ್ಟನ್ನು ಸ್ಪೀಕರಿನಿಂದ ದೂರವಿಡಿ. ಬಹುಕಾಲ ಸುತ್ತಿಯೇ ಇದ್ದ ಟೇಪಿನಲ್ಲಿ ಪದರದಿಂದ ಪದರಕ್ಕೆ ದನಿ ಇಳಿದು, ಹಾಡು ಆರಂಭವಾಗುವ ಮುನ್ನವೇ ಅದರ ನೆರಳು ಕೇಳಿಸುವುದುಂಟು. ಹೆದರಬೇಡಿ, ಅದು ದೆವ್ವವಲ್ಲ. ಬೂಷ್ಟು ಹಿಡಿದಿದ್ದರೆ ಮಾತ್ರ ಯಂತ್ರಕ್ಕೆ ಹಾಕದೆ ಬಲ್ಲವರಿಗೆ ತೋರಿಸಿ. ಸರಿಯಾಗಿ ಓಡುವ ಯಂತ್ರ ಸಿಕ್ಕಿದ ದಿನವೇ ಒಂದೇ ಸಲಕ್ಕೆ ಗಣಕಯಂತ್ರಕ್ಕೆ ಇಳಿಸಿಕೊಳ್ಳುವುದು ಜಾಣತನ, ಏಕೆಂದರೆ ಆ ಯಂತ್ರಗಳ ಬೆಲ್ಟು ಈಗ ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ.

ದೊಡ್ಡಪ್ಪನ ಹದಿಮೂರು ನಿಮಿಷವನ್ನು ಹಾಗೆ ಇಳಿಸಿ ನಮ್ಮ ಸೀಮೆಯ ಕನ್ನಡ ಶಾಲೆಯೊಂದರ ಆರನೆಯ ತರಗತಿಯಲ್ಲಿ ಕೇಳಿಸಿದೆವು. ಕುಕ್ಕರಿನ ಸದ್ದನ್ನು ತೆಗೆದುಕೊಡಬಲ್ಲೆನೆಂದು ಗಣಕಯಂತ್ರ ಬಲ್ಲ ತರುಣನೊಬ್ಬ ಹೇಳಿದ್ದ. ಬೇಡವೆಂದೆ. ಹಾಡು ಮುಗಿದ ಮೇಲೆ ಒಬ್ಬ ಹುಡುಗಿ ಕೇಳಿದ ಮೊದಲ ಪ್ರಶ್ನೆ, ‘ಸಾರ್, ಆ ಬೈಯುವ ಅಜ್ಜಿ ಯಾರು?’ ಆ ಹೆಸರನ್ನೂ ಈಗ ಪಟ್ಟಿಯಲ್ಲಿ ಬರೆದಿದ್ದೇವೆ.