ಎಂಜಿನ್ ಬದಲಿಸಿದ ಮೇಲೆ ಆಯಿಲ್ ಲೈಟ್ ಆರುತ್ತಿಲ್ಲವೇ? ಸೆನ್ಸರ್ ಬದಲಿಸುವ ಮುನ್ನ ಒತ್ತಡ ಅಳೆಸಿ

ಹಳೆಯ ಕಾರಿನ ಎಂಜಿನ್ ಕೈಕೊಟ್ಟಾಗ ಹೊಸ ಕಾರು ಕೊಳ್ಳುವ ಬದಲು ಸೆಕೆಂಡ್ ಹ್ಯಾಂಡ್ ಎಂಜಿನ್ ಕೂರಿಸುವವರು ಕಡಿಮೆಯೇನಿಲ್ಲ. ಮುಂಬೈನ ಕುರ್ಲಾ, ದೆಹಲಿಯ ಮಾಯಾಪುರಿ, ಚೆನ್ನೈನ ಪುದುಪೇಟೆಯ ಗುಜರಿ ಅಂಗಡಿಗಳಲ್ಲಿ ಇಂಥ ಎಂಜಿನ್‌ಗಳು ಸಿಗುತ್ತವೆ. ಗ್ಯಾರೇಜ್‌ನಲ್ಲಿ ಕೆಲಸ ಮುಗಿದು ಕಾರು ಸ್ಟಾರ್ಟ್ ಆದ ಖುಷಿಯಲ್ಲಿರುವಾಗಲೇ ಡ್ಯಾಶ್‌ಬೋರ್ಡ್‌ನಲ್ಲಿ ಎಣ್ಣೆ ಗಿಂಡಿಯಂಥ ಕೆಂಪು ಚಿಹ್ನೆ ಹೊತ್ತಿಕೊಂಡಿರುತ್ತದೆ. 'ಆಯಿಲ್ ಫುಲ್ ಇದೆ ಸರ್, ಸೆನ್ಸರ್ ಹೋಗಿರಬೇಕು, ಓಡಿಸಿ ಏನೂ ಆಗಲ್ಲ' ಎಂಬ ಉತ್ತರ ಬರುತ್ತದೆ. ಅದು ನಿಜವೂ ಇರಬಹುದು. ಆದರೆ ಅಳತೆ ಮಾಡದೆ ಹಾಗೆ ಹೇಳುವುದು ನಿಮ್ಮ ದುಡ್ಡಿನ ಮೇಲೆ ಆಡುವ ಜೂಜು.

ಮೊದಲು ತಿಳಿಯಬೇಕಾದ್ದು, ಈ ದೀಪ ಆಯಿಲ್ ಎಷ್ಟಿದೆ ಎಂದು ಹೇಳುವುದಿಲ್ಲ, ಆಯಿಲ್‌ನ ಒತ್ತಡವನ್ನು ಹೇಳುತ್ತದೆ. ಚೇಂಬರ್ ತುಂಬಾ ಆಯಿಲ್ ಇದ್ದರೂ ಪಂಪ್ ಅದನ್ನು ಎಳೆಯದಿದ್ದರೆ ಬೇರಿಂಗ್‌ಗೆ ಹನಿಯೂ ತಲುಪುವುದಿಲ್ಲ. ಕ್ರ್ಯಾಂಕ್ ಮತ್ತು ಬೇರಿಂಗ್ ನಡುವಿನ ಸಂದು ಮಿಲಿಮೀಟರ್‌ನ ನೂರರಲ್ಲಿ ಕೆಲವೇ ಭಾಗದಷ್ಟು. ಅಲ್ಲಿ ಒತ್ತಡದಿಂದ ನಿಂತ ಆಯಿಲ್ ಪದರ ಇಲ್ಲದಿದ್ದರೆ ಲೋಹಕ್ಕೆ ಲೋಹ ಉಜ್ಜುತ್ತದೆ. ಆದ್ದರಿಂದ ಸ್ಟಾರ್ಟ್ ಆಗಿ ಐದಾರು ಸೆಕೆಂಡ್‌ನಲ್ಲಿ ದೀಪ ಆರದಿದ್ದರೆ ಎಂಜಿನ್ ಆಫ್ ಮಾಡಿ. ರೇಸ್ ಕೊಟ್ಟು ನೋಡುವುದು ಬೇಡ. ರಸ್ತೆಯಲ್ಲಿ ಹೊತ್ತಿಕೊಂಡರೆ ಪಕ್ಕಕ್ಕೆ ನಿಲ್ಲಿಸಿ, ಟೋ ಮಾಡಿಸಿ.

ದೀಪ ಸುಳ್ಳು ಹೇಳುವುದು ಯಾವಾಗ?

ಹೆಚ್ಚಿನ ಹಳೆಯ ಕಾರುಗಳಲ್ಲಿ ಎಂಜಿನ್ ಬ್ಲಾಕ್‌ಗೆ ತಿರುಗಿಸಿದ ಒಂದು ಸಣ್ಣ ಸ್ವಿಚ್ ಇರುತ್ತದೆ, ಅದಕ್ಕೆ ಒಂದೇ ವೈರ್. ಒತ್ತಡ ಇಲ್ಲದಾಗ ಅದು ವೈರನ್ನು ಬ್ಲಾಕ್‌ಗೆ ಅರ್ತಿಂಗ್ ಮಾಡುತ್ತದೆ, ದೀಪ ಉರಿಯುತ್ತದೆ. ಒತ್ತಡ ಸುಮಾರು 4ರಿಂದ 7 ಪಿಎಸ್ಐ ದಾಟಿದೊಡನೆ ಸಂಪರ್ಕ ಕಡಿದು ದೀಪ ಆರುತ್ತದೆ. ಹಾಗಾಗಿ ಎಂಜಿನ್ ಆಫ್ ಇದ್ದು ಕೀ ಮಾತ್ರ ಆನ್ ಮಾಡಿದಾಗ ದೀಪ ಉರಿಯಲೇಬೇಕು. ಉರಿಯದಿದ್ದರೆ ಅದು ಇನ್ನೂ ಅಪಾಯ. ಎಂಜಿನ್ ಬದಲಿಸುವಾಗ ಬಾಡಿಗೂ ಎಂಜಿನ್‌ಗೂ ನಡುವಿನ ದಪ್ಪ ಅರ್ತಿಂಗ್ ಪಟ್ಟಿ ಹಾಕಲು ಮರೆತಿರಬಹುದು, ಸ್ವಿಚ್‌ನ ವೈರ್ ಸೇರಿಸದೇ ಬಿಟ್ಟಿರಬಹುದು, ಬಲ್ಬೇ ಹೋಗಿರಬಹುದು.

ಈಗ ಕೀ ಆನ್ ಇರುವಾಗಲೇ ಸ್ವಿಚ್‌ನಿಂದ ವೈರ್ ಬಿಡಿಸಿ. ದೀಪ ಆರಿದರೆ ವೈರಿಂಗ್ ಸರಿಯಿದೆ. ಆರದಿದ್ದರೆ ದಾರಿಯಲ್ಲೆಲ್ಲೋ ವೈರ್ ಬಾಡಿಗೆ ತಾಗಿದೆ ಎಂದರ್ಥ. ಎಂಜಿನ್ ಇಳಿಸುವಾಗ ವೈರಿಂಗ್ ಗೇರ್‌ಬಾಕ್ಸ್ ಸಂದಿಗೆ ಸಿಕ್ಕಿ ನಜ್ಜುಗುಜ್ಜಾಗುವುದು, ಸೈಲೆನ್ಸರ್ ಮ್ಯಾನಿಫೋಲ್ಡ್‌ಗೆ ತಗುಲಿ ಕರಗುವುದು ಸಾಮಾನ್ಯ. ನೆನಪಿಡಿ, ಈ ಪರೀಕ್ಷೆ ವೈರಿಂಗ್ ಬಗ್ಗೆ ಮಾತ್ರ ಹೇಳುತ್ತದೆ. ವೈರ್ ಕಿತ್ತಾಗ ದೀಪ ಆರಿತು ಎಂದರೆ ಸ್ವಿಚ್ ಕೆಟ್ಟಿದೆ ಎಂದಾಗಲೀ ಒತ್ತಡ ಸರಿಯಿದೆ ಎಂದಾಗಲೀ ಅಲ್ಲ. ಅನೇಕರು ಎಡವುವುದು ಇಲ್ಲೇ.

ಎಂಜಿನ್ ಒಂದು ಕಾರಿನದು, ಮೀಟರ್ ಬೋರ್ಡ್ ಇನ್ನೊಂದರದು ಆದಾಗ ಬೇರೆಯೇ ತಕರಾರು. ಬಂದ ಎಂಜಿನ್‌ನಲ್ಲಿ ಸ್ವಿಚ್ ಬದಲು ಮುಳ್ಳಿನ ಗೇಜ್‌ಗೆ ಬೇಕಾದ ಸೆಂಡರ್ ಇದ್ದರೆ, ಅದನ್ನು ದೀಪದ ವೈರ್‌ಗೆ ಸೇರಿಸಿದಾಗ ದೀಪ ಪೂರ್ತಿ ಆರದೆ ಮಂಕಾಗಿ ಉರಿಯುತ್ತಿರಬಹುದು. ಹಳೆಯ ಫೋಕ್ಸ್‌ವ್ಯಾಗನ್‌ಗಳಲ್ಲಿ ಎರಡು ಸ್ವಿಚ್‌ಗಳ ವ್ಯವಸ್ಥೆ ಇತ್ತು. ಒಂದು ಕಡಿಮೆ ಒತ್ತಡಕ್ಕೆ, ಇನ್ನೊಂದು ಸುಮಾರು 2000 ಆರ್‌ಪಿಎಂ ದಾಟಿದ ಮೇಲಿನ ಹೆಚ್ಚಿನ ಒತ್ತಡಕ್ಕೆ. ಎರಡನೆಯದನ್ನು ಸೇರಿಸದಿದ್ದರೆ ಐಡಲ್‌ನಲ್ಲಿ ಸುಮ್ಮನಿದ್ದ ಕಾರು ವೇಗ ಏರಿದಾಗ ಬಜರ್ ಬಾರಿಸುತ್ತದೆ. ಹೊಸ ಕಾರುಗಳಲ್ಲಂತೂ ದೀಪ ಉರಿಸುವುದು ಕಂಪ್ಯೂಟರ್. ಅಲ್ಲಿ ಸ್ಕ್ಯಾನರ್ ಇಲ್ಲದೆ ಮುಂದುವರಿಯುವುದು ವ್ಯರ್ಥ.

ಗೇಜ್ ಹಾಕಿ ನೋಡುವುದು

ಅನುಮಾನ ಬಗೆಹರಿಸುವ ಸಾಧನ ಒಂದೇ, ಮೆಕ್ಯಾನಿಕಲ್ ಆಯಿಲ್ ಪ್ರೆಷರ್ ಗೇಜ್. ಸ್ವಿಚ್ ಬಿಚ್ಚಿ ಅದೇ ತೂತಿಗೆ ಗೇಜ್‌ನ ಪೈಪ್ ಕೂರಿಸಬೇಕು. ಥ್ರೆಡ್ ನೋಡಿಕೊಳ್ಳಿ. ಜಪಾನಿ ಮೂಲದ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ ಬಿಎಸ್‌ಪಿ ಥ್ರೆಡ್ ಇರುತ್ತದೆ, ಅಮೆರಿಕನ್ ಗೇಜ್‌ಗಳಲ್ಲಿ ಎನ್‌ಪಿಟಿ. ಒಂದು ಇಂಚಿಗೆ 28 ಸುತ್ತು, ಇನ್ನೊಂದಕ್ಕೆ 27. ಮೊದಲೆರಡು ಸುತ್ತು ಸರಾಗವಾಗಿ ಹೋಗುತ್ತದೆ, ಆಮೇಲೆ ಬಲ ಹಾಕಿದರೆ ಅಲ್ಯೂಮಿನಿಯಂ ಬ್ಲಾಕ್ ಸೀಳುತ್ತದೆ. ಥ್ರೆಡ್‌ಗೆ ಟೇಪ್ ಸುತ್ತುವವರು ತುದಿಯ ಸುತ್ತುಗಳನ್ನು ಬಿಟ್ಟು ಸುತ್ತಬೇಕು. ಟೇಪ್ ಚೂರು ಆಯಿಲ್ ದಾರಿಗೆ ಹೋದರೆ ಇನ್ನೊಂದು ಸಮಸ್ಯೆ.

ಸ್ಟಾರ್ಟ್ ಮಾಡುವ ಮುನ್ನ ಪೆಟ್ರೋಲ್ ಎಂಜಿನ್ ಆದರೆ ಸ್ಪಾರ್ಕ್ ಪ್ಲಗ್ ತೆಗೆದು, ಇಂಧನ ಬರದಂತೆ ಮಾಡಿ, ಹತ್ತು ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಿರಿ, ನಡುವೆ ಬಿಡುವು ಕೊಡಿ. ಬಹಳ ದಿನ ಗುಜರಿಯಲ್ಲಿ ಒಣಗಿ ಬಿದ್ದಿದ್ದ ಎಂಜಿನ್‌ನ ಪಂಪ್ ಖಾಲಿಯಿರುತ್ತದೆ, ಅದು ಆಯಿಲ್ ಹಿಡಿಯಲು ಸಮಯ ಬೇಕು. ಮುಳ್ಳು ಏಳಲಾರಂಭಿಸಿದ ಮೇಲೆ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿ, ಚೆನ್ನಾಗಿ ಬಿಸಿಯಾಗಲು ಬಿಡಿ. 1000 ಆರ್‌ಪಿಎಂಗೆ ಸುಮಾರು 10 ಪಿಎಸ್ಐ ಎಂಬುದು ಹಳೆಯ ಮೆಕ್ಯಾನಿಕ್‌ಗಳ ಲೆಕ್ಕ. ನಿಖರ ಅಂಕಿ ಆ ಎಂಜಿನ್‌ನ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ. ಗೇಜ್ ಸರಿಯಾದ ಒತ್ತಡ ತೋರಿಸಿದರೆ ಮಾತ್ರ ಸ್ವಿಚ್ ಬದಲಿಸಿ. ಆ ಸ್ವಿಚ್ ಹೆಚ್ಚು ಬೆಲೆಯದೇನಲ್ಲ.

ಒತ್ತಡ ನಿಜಕ್ಕೂ ಇಲ್ಲದಿದ್ದರೆ

ಹೊಸ ಎಂಜಿನ್ ಜಾಗಕ್ಕೆ ಹೊಂದದಿದ್ದಾಗ ಚೇಂಬರ್ ಬದಲಿಸುತ್ತಾರೆ. ತೊಂದರೆ ಹುಟ್ಟುವುದು ಹೆಚ್ಚಾಗಿ ಅಲ್ಲಿಯೇ. ಆಯಿಲ್ ಎಳೆಯುವ ಪೈಪ್ ಹಳೆಯ ಚೇಂಬರ್‌ನದಾಗಿದ್ದು ಹೊಸದರ ತಳಕ್ಕೆ ಎಟುಕದಿರಬಹುದು. ಅಮೆರಿಕದಲ್ಲಿ ಬೇರೆ ಕಾರುಗಳಿಗೆ ಕೂರಿಸಲು ಅಚ್ಚುಮೆಚ್ಚಾದ ಜನರಲ್ ಮೋಟಾರ್ಸ್‌ನ ಎಲ್ಎಸ್ ಎಂಜಿನ್‌ಗಳಲ್ಲಿ ಈ ಪೈಪ್‌ನ ಓ ರಿಂಗ್ ಕುಖ್ಯಾತ. ಚೇಂಬರ್ ಬದಲಿಸುವಾಗ ರಿಂಗ್ ಚಿವುಟಿಹೋದರೆ ಅಥವಾ ತಪ್ಪು ಅಳತೆಯದು ಹಾಕಿದರೆ ಪಂಪ್ ಆಯಿಲ್ ಜೊತೆ ಗಾಳಿಯನ್ನೂ ಹೀರುತ್ತದೆ. ಚೇಂಬರ್‌ಗೆ ಸಿಲಿಕೋನ್ ಅಂಟು ಹೆಚ್ಚು ಬಳಿದರೆ ಅದರ ತುಣುಕು ಒಳಗೆ ಬಿದ್ದು ಜಾಲರಿ ಮುಚ್ಚುತ್ತದೆ. ನಾನು ಮೊದಲು ಬಿಚ್ಚಿಸುವುದು ಇದನ್ನೇ.

ಆಯಿಲ್ ಕಡ್ಡಿಯನ್ನೂ ನಂಬಬೇಡಿ. ಕಡ್ಡಿ ಒಂದು ಎಂಜಿನ್‌ನದು, ಚೇಂಬರ್ ಇನ್ನೊಂದರದು ಆದರೆ 'ಫುಲ್' ಗೆರೆಗೆ ಅರ್ಥವೇ ಇಲ್ಲ. ಆಯಿಲ್ ಪೂರ್ತಿ ಖಾಲಿ ಮಾಡಿ, ಹೊಸ ಫಿಲ್ಟರ್ ಹಾಕಿ, ಅಳೆದು ತುಂಬಿ. ಒಂದೆರಡು ನಿಮಿಷ ಓಡಿಸಿ ನಿಲ್ಲಿಸಿದ ಮೇಲೆ ಕಡ್ಡಿಗೆ ನೀವೇ ಗೀರು ಹಾಕಿಕೊಳ್ಳಿ. ತಿರುವಿನಲ್ಲಿ ಅಥವಾ ಬ್ರೇಕ್ ಹಾಕಿದಾಗ ಮಾತ್ರ ದೀಪ ಮಿನುಗಿದರೆ ಆಯಿಲ್ ಕಡಿಮೆಯಿದೆ ಅಥವಾ ಪೈಪ್‌ನ ಜಾಗ ತಪ್ಪಿದೆ ಎಂದು ಊಹಿಸಬಹುದು.

ತಣ್ಣಗಿರುವಾಗ ಎಲ್ಲ ಸರಿಯಿದ್ದು, ಬಿಸಿಯಾದ ಮೇಲೆ ಸಿಗ್ನಲ್‌ನಲ್ಲಿ ನಿಂತಾಗ ದೀಪ ಮಿನುಗುತ್ತಿದ್ದರೆ ಸುದ್ದಿ ಒಳ್ಳೆಯದಲ್ಲ. ತೀರಾ ತೆಳುವಾದ ಆಯಿಲ್ ಹಾಕಿರಬಹುದು, ಪಂಪ್‌ನ ರಿಲೀಫ್ ವಾಲ್ವ್ ತೆರೆದೇ ಸಿಕ್ಕಿಕೊಂಡಿರಬಹುದು. ಅವೆರಡೂ ಅಲ್ಲವಾದರೆ ಪಂಪ್ ಅಥವಾ ಬೇರಿಂಗ್ ಸವೆದಿದೆ. ದಪ್ಪ ಆಯಿಲ್ ಹಾಕಿ ದೀಪ ಆರಿಸುವ ಉಪಾಯ ಹೇಳುವವರಿದ್ದಾರೆ. ಅದರಿಂದ ದೀಪ ಆರುತ್ತದೆ, ಬೇರಿಂಗ್ ಸವೆಯುತ್ತಲೇ ಇರುತ್ತದೆ. ಮಾರಿದವರು ವಾಪಸ್ ಪಡೆಯುವ ಅವಧಿ ಕೊಟ್ಟಿದ್ದರೆ ಅದು ಮುಗಿಯುವ ಮುನ್ನ ಗೇಜ್ ರೀಡಿಂಗ್‌ನ ವಿಡಿಯೋ ಮಾಡಿಟ್ಟುಕೊಳ್ಳಿ. ಎಂಜಿನ್ ನಂಬರ್ ಬದಲಾದದ್ದನ್ನು ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸುವುದೂ ಕಡ್ಡಾಯ. ಆದರೆ ಆ ಓಡಾಟ ಈ ಎಂಜಿನ್ ಉಳಿಯುತ್ತದೆ ಎಂದು ಖಚಿತವಾದ ಮೇಲೆ ಇರಲಿ.

ಎಲ್ಲ ಸರಿಹೋಯಿತು ಎನಿಸಿದ ಮೇಲೂ ಮೊದಲ ಆಯಿಲ್ ಚೇಂಜನ್ನು 500 ಕಿ.ಮೀ. ಒಳಗೇ ಮಾಡಿಸಿ, ತೆಗೆದ ಫಿಲ್ಟರ್ ಎಸೆಯದೆ ಕತ್ತರಿಸಿ ತೆರೆಸಿ ನೋಡಿ. ಕಾಗದದ ಮಡಿಕೆಗಳಲ್ಲಿ ತಾಮ್ರದ ಬಣ್ಣದ ಹೊಳಪಿನ ಚೂರುಗಳು ಕಂಡರೆ ಕಾರನ್ನು ಗ್ಯಾರೇಜ್‌ನಿಂದ ಹೊರಗೆ ತರಬೇಡಿ.