ಇಪ್ಪತ್ತೊಂಬತ್ತು ಪಟ್ಟು ಆಕಸ್ಮಿಕ

ಕೋರ್ಟು ತೀರ್ಪಿನ ಅಡಿಟಿಪ್ಪಣಿಗಳನ್ನು ವಕೀಲರೇ ಹಾರಿಸಿಕೊಂಡು ಓದುವುದುಂಟು. ಅಮೆರಿಕದ ಸುಪ್ರೀಂ ಕೋರ್ಟು 1977ರ ಮಾರ್ಚ್‌ನಲ್ಲಿ ಕೊಟ್ಟ ‘ಕ್ಯಾಸ್ಟನೇಡಾ ವಿರುದ್ಧ ಪಾರ್ಟಿಡಾ’ ತೀರ್ಪಿನ 17ನೇ ಅಡಿಟಿಪ್ಪಣಿಯನ್ನು ಮಾತ್ರ ಸಂಖ್ಯಾಶಾಸ್ತ್ರದ ಮೇಷ್ಟ್ರುಗಳೂ ಓದುತ್ತಾರೆ.

ಮೊಕದ್ದಮೆ ಟೆಕ್ಸಾಸ್‌ನ ಹಿಡಾಲ್ಗೊ ಕೌಂಟಿಯದು. ಮೆಕ್ಸಿಕೊ ಗಡಿಗೆ ತಾಗಿದ ಸೀಮೆ. 1970ರ ಜನಗಣತಿಯಂತೆ ಅಲ್ಲಿನವರಲ್ಲಿ ಶೇ 79.1ರಷ್ಟು ಮಂದಿ ಮೆಕ್ಸಿಕನ್ ಮೂಲದವರು. ಒಬ್ಬನ ಮೇಲಿನ ಗಂಭೀರ ಆರೋಪ ವಿಚಾರಣೆಗೆ ತಕ್ಕದ್ದೇ ಎಂದು ಮೊದಲು ತೂಗಿ ನೋಡುವುದು ಗ್ರ್ಯಾಂಡ್ ಜ್ಯೂರಿ, ಅಂದರೆ ಸಾಮಾನ್ಯ ನಾಗರಿಕರ ಮಂಡಳಿ. ಆಗ ಟೆಕ್ಸಾಸ್‌ನಲ್ಲಿ ಇದಕ್ಕೆ ಚೀಟಿ ಎತ್ತುತ್ತಿರಲಿಲ್ಲ. ನ್ಯಾಯಾಧೀಶರು ನೇಮಿಸಿದ ಕೆಲವು ಕಮಿಷನರ್‌ಗಳು ಕೂತು, ತಮಗೆ ಯೋಗ್ಯರೆಂದು ಕಂಡವರ ಹೆಸರು ಬರೆದು ಕೊಡುತ್ತಿದ್ದರು. ಹನ್ನೊಂದು ವರ್ಷಗಳಲ್ಲಿ ಹೀಗೆ ಕರೆ ಹೋದದ್ದು 870 ಮಂದಿಗೆ. ಅವರಲ್ಲಿ ಮೆಕ್ಸಿಕನ್ ಮೂಲದವರು 339.

ಕಡಿಮೆಯೇನೋ ಹೌದು. ಆದರೆ ‘ಹಾಗೇ ಒದಗಿ ಬಂತು’ ಎನ್ನಲಾಗದಷ್ಟು ಕಡಿಮೆಯೇ?

ಲೆಕ್ಕ ಶುರುವಾಗುವುದು ಕಮಿಷನರ್‌ಗಳನ್ನು ಪೂರ್ತಿ ನಂಬುವುದರಿಂದ. ಅವರು ಯಾರ ಮೂಲವನ್ನೂ ನೋಡಿಲ್ಲ ಎಂದೇ ಇಟ್ಟುಕೊಳ್ಳೋಣ. ಪುಸ್ತಕದ ಭಾಷೆಯಲ್ಲಿ ಇದು ಶೂನ್ಯ ಪ್ರಕಲ್ಪನೆ. ಇದು ನಿಜವಾದರೆ 870ರಲ್ಲಿ ಶೇ 79.1, ಎಂದರೆ ಸುಮಾರು 688 ಮಂದಿ ಬರಬೇಕು. ಕರಾರುವಾಕ್ಕಾಗಿ 688 ಬರಲಿಕ್ಕಿಲ್ಲ. ಒಂದಿಷ್ಟು ಹೆಚ್ಚುಕಡಿಮೆ ಇದ್ದೇ ಇರುತ್ತದೆ. ಎಷ್ಟು? 870ನ್ನು 0.791ರಿಂದಲೂ 0.209ರಿಂದಲೂ ಗುಣಿಸಿ ವರ್ಗಮೂಲ ತೆಗೆದರೆ 12ರ ಹತ್ತಿರ ನಿಲ್ಲುತ್ತದೆ. ಇದೇ ಮಾನಕ ವಿಚಲನೆ. ಇದರ ಎರಡು ಮೂರು ಪಟ್ಟು ಆಚೀಚೆಯಾದರೆ ಅದೃಷ್ಟದ ಆಟ ಎನ್ನಬಹುದು. ಅದನ್ನೂ ಮೀರಿದರೆ ಅನುಮಾನ ಏಳುತ್ತದೆ ಎಂದು ಆ ಅಡಿಟಿಪ್ಪಣಿ ಹೇಳುತ್ತದೆ. ಇಲ್ಲಿ ಕೊರತೆ 349. ಹನ್ನೆರಡರ ಇಪ್ಪತ್ತೊಂಬತ್ತು ಪಟ್ಟು!

ಇಂಥದ್ದು ತಾನಾಗಿ ಘಟಿಸುವ ಸಂಭವ, 1ರ ಮುಂದೆ 140 ಸೊನ್ನೆ ಬರೆದರೆ ಆಗುವ ಸಂಖ್ಯೆಯಲ್ಲಿ ಒಂದಕ್ಕಿಂತಲೂ ಕಡಿಮೆ ಎಂದೂ ಕೋರ್ಟು ಬರೆಯಿತು. ಓದಿದವರು ಬೆರಗಾಗುವ ಸಂಖ್ಯೆ. ನನಗೆ ಅದರಲ್ಲಿ ಅಷ್ಟು ಸ್ವಾರಸ್ಯ ಕಾಣುವುದಿಲ್ಲ. ಹತ್ತು ಸೊನ್ನೆಗೇ ವಿಷಯ ಇತ್ಯರ್ಥವಾಗಿತ್ತು. ನಿಜವಾದ ಜಗಳ ಇದ್ದದ್ದು 79.1ರ ಮೇಲೆ.

ಆ ಜಗಳ ತೆಗೆದವರು ಭಿನ್ನಮತದ ತೀರ್ಪು ಬರೆದ ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್. ಜನಗಣತಿಯಲ್ಲಿ ಮಕ್ಕಳೂ ಇದ್ದಾರೆ, ಪೌರತ್ವ ಇಲ್ಲದವರೂ ಇದ್ದಾರೆ, ಓದುಬರಹ ಬಾರದವರೂ ಇದ್ದಾರೆ. ಇವರು ಯಾರೂ ಜ್ಯೂರಿಯಲ್ಲಿ ಕೂರುವ ಹಾಗಿಲ್ಲ, ಹೋಲಿಸುವುದಾದರೆ ಅರ್ಹರ ಜತೆ ಹೋಲಿಸಿ ಎಂಬುದು ಅವರ ವಾದ. ಪ್ರಶ್ನೆ ನ್ಯಾಯವಾದದ್ದೇ. ಯಾವ ಅನುಪಾತವನ್ನು ಎದುರಿಗಿಟ್ಟು ಪರೀಕ್ಷಿಸುತ್ತೇವೋ ಅದೇ ತಪ್ಪಿದರೆ, ಆಮೇಲಿನ ವರ್ಗಮೂಲವೆಲ್ಲ ನೀರಿನಲ್ಲಿ ಹೋಮ. ಆದರೆ ಇಪ್ಪತ್ತೈದು ದಾಟಿದ, ಸ್ವಲ್ಪವಾದರೂ ಶಾಲೆ ಕಂಡವರನ್ನಷ್ಟೇ ಎಣಿಸಿದರೂ ಮೆಕ್ಸಿಕನ್ ಮೂಲದವರ ಪಾಲು ಸುಮಾರು ಶೇ 65 ಇತ್ತು. ಈಗ ನಾವೇ ಹಾಕಿ ನೋಡಬಹುದು: ಬರಬೇಕಾದವರು 566ರ ಆಸುಪಾಸು, ವಿಚಲನೆ 14, ಕೊರತೆ 227. ಇಪ್ಪತ್ತೊಂಬತ್ತು ಪಟ್ಟು ಹದಿನಾರಕ್ಕೆ ಇಳಿಯಿತು. ಆಗಲೂ ಆಕಸ್ಮಿಕಕ್ಕೆ ಜಾಗ ಸಿಗಲಿಲ್ಲ.

ಹಾಗೆಂದು ಯಾರೋ ಬೇಕೆಂದೇ ಹೆಸರು ಕೈಬಿಟ್ಟರು ಎಂದು ಈ ಲೆಕ್ಕ ಸಾಬೀತು ಮಾಡಿತೇ? ಇಲ್ಲ. ‘ಹಾಗೇ ಒದಗಿ ಬಂತು’ ಎಂಬ ಒಂದು ಸಬೂಬನ್ನು ಅದು ಕಿತ್ತುಕೊಂಡಿತು, ಅಷ್ಟೆ. ಕಮಿಷನರ್‌ಗಳನ್ನು ನೇಮಿಸಿದ ನ್ಯಾಯಾಧೀಶರೂ ಮೆಕ್ಸಿಕನ್ ಮೂಲದವರೇ ಆಗಿದ್ದರು. ತಮ್ಮವರನ್ನು ತಾವೇ ದೂರ ಇಡುತ್ತಾರೆಯೇ ಎಂಬ ಮಾತೂ ಎದ್ದಿತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಹ್ಯಾರಿ ಬ್ಲ್ಯಾಕ್‌ಮನ್ ಅದನ್ನು ಒಪ್ಪಲಿಲ್ಲ: ಮನುಷ್ಯರ ನಡೆಯನ್ನು ಹಾಗೆ ಊಹಿಸಿಬಿಡಲಾಗದು, ಕೊರತೆಗೆ ಕಾರಣ ಹೇಳುವ ಹೊಣೆ ಈಗ ಸರ್ಕಾರದ್ದು.

ಹೇಳಬಲ್ಲವರು ಆ ಕಮಿಷನರ್‌ಗಳು. ಸರ್ಕಾರ ಅವರನ್ನು ಸಾಕ್ಷಿಕಟ್ಟೆಗೆ ಕರೆಸಿಯೇ ಇರಲಿಲ್ಲ. ನ್ಯಾಯಮೂರ್ತಿಗಳಲ್ಲಿ ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ ನಿಂತು, ತೀರ್ಪು ಈ ಆಯ್ಕೆಯನ್ನು ಪ್ರಶ್ನಿಸಿದ್ದ ಕೈದಿ ಪಾರ್ಟಿಡಾನ ಪರವಾಯಿತು.