ಬಚ್ಚಲೊಲೆಯ ಹೊಗೆ

ಅಡುಗೆಮನೆಗೆ ಅನಿಲದ ಒಲೆ ಬಂದು ಎಷ್ಟೋ ವರ್ಷಗಳಾದ ಮನೆಗಳಲ್ಲಿಯೂ ಬಚ್ಚಲಿನ ಹಂಡೆಯ ಕೆಳಗೆ ಸೌದೆ ಉರಿಯುತ್ತಿರುವುದುಂಟು. ಎಣ್ಣೆನೀರಿನ ಸುಖವನ್ನು ಬಲ್ಲವರಿಗೆ ಆ ಹಂಡೆಯ ನೀರಿನ ಹಿತವನ್ನು ಬೇರೆ ಹೇಳಬೇಕಾಗಿಲ್ಲ. ತೊಲೆಗಳಿಗೆ ಹತ್ತಿದ ಮಸಿಯನ್ನು ಎಲ್ಲರೂ ಕಾಣುತ್ತಾರೆ. ಅದೇ ಹೊಗೆ ಎದೆಯೊಳಗೆ ಮಾಡುವ ಕೆಲಸ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಸೌದೆ ಮನೆಯ ಒಲೆಯಲ್ಲಿ ಪೂರ್ಣವಾಗಿ ಉರಿಯುವುದು ಅಪರೂಪ. ಹಸಿ ಸೌದೆಯ ಶಾಖದ ಒಂದು ಪಾಲು ಅದರ ತೇವವನ್ನು ಆರಿಸುವುದರಲ್ಲಿಯೇ ವ್ಯಯವಾಗುತ್ತದೆ. ಗಾಳಿ ಸಾಲದೆ ಹೋದರೆ ಉರಿ ಇನ್ನೂ ಮಂಕಾಗುತ್ತದೆ. ಆಗ ಪೂರ್ತಿ ಉರಿಯದ ಇಂಗಾಲವು ಅತಿ ಸೂಕ್ಷ್ಮ ಕಣಗಳಾಗಿ ಹೊಗೆಯೊಡನೆ ಏಳುತ್ತದೆ. ಇವುಗಳಲ್ಲಿ ಬಹುಪಾಲು 2.5 ಮೈಕ್ರಾನಿಗಿಂತ ಚಿಕ್ಕವು. ತಲೆಗೂದಲಿನ ದಪ್ಪದ ಇಪ್ಪತ್ತನೆಯ ಒಂದು ಪಾಲಿಗೂ ಕಡಮೆ. ದೊಡ್ಡ ಧೂಳನ್ನು ಮೂಗು ತಡೆಯುತ್ತದೆ. ಈ ಕಣಗಳಾದರೋ ಶ್ವಾಸಕೋಶದ ತುದಿಯವರೆಗೂ ಇಳಿಯುತ್ತವೆ. ಅತ್ಯಂತ ಸಣ್ಣವು ರಕ್ತವನ್ನೂ ಸೇರಬಲ್ಲವು. ಆದುದರಿಂದಲೇ ಕೆಮ್ಮು ಉಬ್ಬಸಗಳ ಜೊತೆಗೆ ಹೃದ್ರೋಗ, ಪಾರ್ಶ್ವವಾಯುಗಳೂ ಹೊಗೆಯ ಲೆಕ್ಕಕ್ಕೆ ಸೇರಿವೆ.

ಗಾಳಿಯ ಒಂದು ಘನ ಮೀಟರಿನಲ್ಲಿ ಇಂಥ ಕಣಗಳು ವರ್ಷದ ಸರಾಸರಿಯಲ್ಲಿ 5 ಮೈಕ್ರೋಗ್ರಾಮನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿತು. ಒಲೆ ಉರಿಯುವ ಹೊತ್ತಿನಲ್ಲಿ, ಗಾಳಿಯಾಡದ ಕೋಣೆಯಲ್ಲಿ, ಅವು ನೂರಾರು ಮೈಕ್ರೋಗ್ರಾಮಿಗೆ ಏರುವುದುಂಟು. ಸೌದೆ, ಬೆರಣಿ, ಕಲ್ಲಿದ್ದಲು, ಸೀಮೆಎಣ್ಣೆ ಮೊದಲಾದವುಗಳ ಮನೆಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಮಂದಿ ಸತ್ತರೆಂಬುದು ಅದೇ ಸಂಸ್ಥೆಯ ಅಂದಾಜು. ಅವರಲ್ಲಿ 2,37,000ಕ್ಕೂ ಹೆಚ್ಚು ಮಂದಿ ಐದು ವರ್ಷ ತುಂಬದ ಮಕ್ಕಳು. ಊದುಗೊಳವೆ ಹಿಡಿದ ತಾಯಿಯ ಸೊಂಟದ ಮೇಲಿನ ಕೂಸಿಗೆ ಬೇರೆ ಗಾಳಿಯೆಲ್ಲಿಂದ ಬರಬೇಕು?

ಪರಿಹಾರಗಳೇನೂ ಇಲ್ಲದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ವಿಭಾಗವು ಹೊಗೆಕೊಳವೆಯುಳ್ಳ, ಸೌದೆ ಉಳಿಸುವ ಅಸ್ತ್ರ ಒಲೆಯನ್ನು ರೂಪಿಸಿತು. ಆದರೆ ಕೊಳವೆ ಹೊಗೆಯನ್ನು ಮನೆಯಿಂದ ಹೊರಗೆ ಹಾಕುವುದೇ ಹೊರತು ಇಲ್ಲವಾಗಿಸುವುದಿಲ್ಲ; ಚಳಿಗಾಲದ ಮುಂಜಾನೆ ಅದು ಮೇಲೇರದೆ ನೆರೆಮನೆಯ ಕಿಟಕಿಯನ್ನು ಹೊಗುತ್ತದೆ. ಬಿಸಿಲಿನಿಂದಲೇ ನೀರು ಕಾಯಿಸುವ ಸೌರ ಸಾಧನ ಮಾಳಿಗೆಯ ಮೇಲಿದ್ದರೆ ಬಹುಪಾಲು ದಿನ ಬಚ್ಚಲಲ್ಲಿ ಬೆಂಕಿಯೇ ಬೇಡ. ಅದಿಲ್ಲದ ಮನೆಯಲ್ಲಿ ಚೆನ್ನಾಗಿ ಒಣಗಿದ ಸೌದೆ, ತೆರೆದ ಕಿಟಕಿ, ಒಲೆಯಿಂದ ದೂರವಿರುವ ಮಗು: ಇಷ್ಟಾದರೂ ಇರಲಿ.

ಬಿಸಿನೀರು ಮನೆಮಂದಿಗೆಲ್ಲ, ಹೊಗೆ ಮಾತ್ರ ಬೆಳಗಿನ ಜಾವ ಎದ್ದು ಉರಿ ಹಾಕುವ ಒಬ್ಬಳಿಗೆ. “ನೀರು ಕಾಯಿತೇ?” ಎಂದು ಒಳಗಿನಿಂದ ಕೂಗಿ ಕೇಳುವವರು ಒಂದು ದಿನ ತಾವೇ ಬಂದು ಆ ಒಲೆಯ ಮುಂದೆ ಅರ್ಧ ಗಂಟೆ ಕುಳಿತು ನೋಡುವುದು ಮೇಲು.